ಪೆನಾಲ್ಟಿ ಮುಗಿಯುವವರೆಗೆ

“ಅಲ್ಲೇ ನಿಂತ್ಕೊ! ಅಲ್ಲಾಡ್ಬೇಡ!”

ಬಾಗಿಲು ತೆರೆದವಳು ಹಾಗೆಯೇ ನಿಂತಳು. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಹೊಸ್ತಿಲಾಚೆ. ಅವಳು ಬಾಗಿಲು ತಳ್ಳುವುದಕ್ಕೂ ಟೀವಿಯಲ್ಲಿ ಗೋಲ್‌ಕೀಪರ್ ಚೆಂಡು ತಡೆಯುವುದಕ್ಕೂ ಸರಿಹೋಗಿತ್ತು. ಆದ್ದರಿಂದ ಅವಳೇ ಅದೃಷ್ಟ. ಗಂಡನ ಲೆಕ್ಕ ಅದು.

“ಪೆನಾಲ್ಟಿ ನಡೀತಿದೆ,” ಎಂದ, ತಿರುಗದೆ. “ನೀನು ಬಂದೆ, ಅವನು ಹಿಡ್ದ. ಮುಗಿಯೋವರೆಗೂ ಅಲ್ಲೇ ಇರು, ಪುಣ್ಯಾತ್ಗಿತ್ತಿ.”

ಹೆಗಲ ಚೀಲದಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಇತ್ತು. ಹತ್ತನೇ ವಾರ. ಹದಿನೈದು ದಿನದ ಹಿಂದೆ ಪರದೆಯ ಮೇಲೆ ಕಾಳಿನಷ್ಟು ಬೆಳಕು ಮಿಡಿಯುತ್ತಿತ್ತು. ಇವತ್ತು ಡಾಕ್ಟರಮ್ಮ ತುಂಬ ಹೊತ್ತು ಹುಡುಕಿದರು. ಆಮೇಲೆ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಅವರು ಬಾಯಿ ತೆರೆಯುವ ಮುಂಚೆಯೇ ಅವಳಿಗೆ ಗೊತ್ತಾಗಿಹೋಗಿತ್ತು. ಇದು ಮೂರನೆಯದು.

“ಯಜಮಾನ್ರು ಬಂದಿಲ್ವಾ?” ಎಂದಿದ್ದರು ಡಾಕ್ಟರಮ್ಮ.

“ಕೆಲಸ ಇತ್ತು.”

ಕೆಲಸ ಇದು. ಫೈನಲ್.

ನಕ್ಷೆ ಕಚೇರಿಯಲ್ಲಿ ಗಡಿಗೆರೆ ತಿದ್ದುವವಳು ಅವಳು. ಗಂಡ ಪ್ರಾಣ ಬಿಡುತ್ತಿದ್ದ ಆ ತಂಡದ ದೇಶ ನಕ್ಷೆಯಲ್ಲಿ ಉಗುರಿನಷ್ಟು. ಅಲ್ಲಿಗೆ ಇವರು ಹೋಗಿಲ್ಲ, ಹೋಗುವುದೂ ಇಲ್ಲ, ನೆಂಟರಿಲ್ಲ, ಇಷ್ಟರಿಲ್ಲ. ಆದರೂ ಅಲ್ಲಿನ ಹನ್ನೊಂದು ಹುಡುಗರ ಮಂಡಿನೋವು, ಮುನಿಸು, ಮದುವೆ ಎಲ್ಲವೂ ಅವನಿಗೆ ಬಾಯಿಪಾಠ. ಶಾಲೆಯಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು. ಎರಡನೆಯದು ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕಲ್ಲಿನ ಹಾಗೆ ಕೂತಿದ್ದ. ಅದೇ ವಾರ ಈ ತಂಡ ಯಾವುದೋ ಪಂದ್ಯ ಸೋತಾಗ ಸೋಫಾದ ದಿಂಬಿಗೆ ಮುಖ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತ. ಅವಳು ಅಡುಗೆಮನೆಯಿಂದ ನೋಡಿದ್ದಳು. ನೋಡಿ, ಉಳಿದ ಪಾತ್ರೆ ತೊಳೆದಿದ್ದಳು.

“ರೀ, ಕಾಲು ನೋಯ್ತಿದೆ.”

“ಇನ್ನೊಂದೇ ಒಂದು. ಇವ್ನು ಹೊಡೆದ್ರೆ ಮುಗೀತು.”

ಕೆಳಹೊಟ್ಟೆ ಹಿಂಡುತ್ತಿತ್ತು. ಆದರೂ ಅಲ್ಲಾಡಲಿಲ್ಲ. ತನಗೇ ನಾಚಿಕೆಯಾಗುವಂತೆ ಉಸಿರು ಬಿಗಿಹಿಡಿದಿದ್ದಳು. ಪರದೆಯಲ್ಲಿ ಒಬ್ಬ ಹುಡುಗ ಚೆಂಡಿಟ್ಟು ಹಿಂದೆ ಹಿಂದೆ ಸರಿದ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗಲೂ ಬಾರದ ಮಾತು ಈಗ ಅವಳ ನಾಲಿಗೆಯ ತುದಿಗೆ ಬಂತು: ಇದೊಂದಾದರೂ ಆಗಲಿ.

ಆಯಿತು.

ಗಂಡ ಕುರ್ಚಿ ಒದ್ದು ಎದ್ದ. ಓಡಿ ಬಂದು ಅವಳನ್ನು ಬಾಚಿ ತಬ್ಬಿ, ನೆಲದಿಂದ ಮೇಲೆತ್ತಿದ. “ಗೆದ್ವಿ ಕಣೇ! ನಾವ್ ಗೆದ್ವಿ!” ಅವನ ಕೆನ್ನೆ ಒದ್ದೆಯಾಗಿತ್ತು. ಎಷ್ಟೋ ತಿಂಗಳಿಂದ ಅವನು ಅವಳನ್ನು ಹೀಗೆ ತಬ್ಬಿರಲಿಲ್ಲ. ಗಾಜಿನ ಸಾಮಾನಿನಂತೆ ದೂರದಿಂದಲೇ ಜೋಪಾನ ಮಾಡುತ್ತಿದ್ದ. ಗೆಲುವು ಯಾರದಾದರೇನು, ತೋಳು ಬೆಚ್ಚಗಿತ್ತು. ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಅವಳೂ ಅತ್ತಳು. ಸಂತೋಷಕ್ಕೆಂದುಕೊಂಡು ಅವನು ನಕ್ಕ.

ಅಳು ನಿಲ್ಲಲಿಲ್ಲ.

ಅವನ ತೋಳು ಸಡಿಲವಾಯಿತು. ಮೆಲ್ಲಗೆ ಕೆಳಗಿಳಿಸಿದ.

“ಏನಂದ್ರು?”

“ಏನಿಲ್ಲ.”

“ಏನಿಲ್ಲ ಅಂದ್ರೆ?”

“ಏನೂ ಇಲ್ವಂತೆ.”

ಟೀವಿಯಲ್ಲಿ ಜನ ಇನ್ನೂ ಕುಣಿಯುತ್ತಿದ್ದರು. ಅವನು ಬಗ್ಗಿ, ಅವಳ ಕಾಲಲ್ಲಿದ್ದ ಚಪ್ಪಲಿಯನ್ನು ಬಿಡಿಸಿ ಪಕ್ಕಕ್ಕಿಟ್ಟ. ಬಗ್ಗಿದವನು ಏಳಲಿಲ್ಲ.

“ಎರಡು ಸಲ ನಾನು ಜೊತೇಲಿ ಬಂದಿದ್ದೆ,” ಎಂದ ನೆಲಕ್ಕೆ. “ಎರಡು ಸಲಾನೂ ಹಾಗೇ ಆಯ್ತು. ಈ ಸಲ ನಾನು ಬರದೇ ಇದ್ರೆ, ಎಲ್ಲೂ ಏಳದೆ ಇಲ್ಲೇ ಕೂತಿದ್ರೆ...”

ಬೆಳಿಗ್ಗೆಯಿಂದ ಆ ಕುರ್ಚಿ ಬಿಟ್ಟು ಏಳದೆ ಅವನು ಕಾದದ್ದು ಯಾವ ಫಲಿತಾಂಶಕ್ಕೆ ಎಂದು ಅವಳಿಗೆ ಈಗ ತಿಳಿಯಿತು. ತಿಳಿದೂ ಎದೆ ಹಗುರವಾಗಲಿಲ್ಲ.

“ನಾನು ಅಲ್ಲಿ ಒಬ್ಬಳೇ ಇದ್ದೆ, ರೀ.”

ಅವನು ಎದ್ದು, ಅವಳ ಹೆಗಲಿನ ಚೀಲ ಇಳಿಸಿಕೊಂಡ.

ಇಬ್ಬರೂ ಸೋಫಾದಲ್ಲಿ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಟೀವಿ ಆರಿಸುವ ಶಕ್ತಿ ಯಾರಲ್ಲೂ ಇರಲಿಲ್ಲ. ಗೆದ್ದವರು ಕಪ್ ಎತ್ತಿಕೊಂಡು ಒಳಗೆ ಹೋದರು. ಜನ ಕರಗಿದರು. ಸೋತ ತಂಡದ ಗೋಲ್‌ಕೀಪರ್ ಮಾತ್ರ ಇನ್ನೂ ಕಂಬಕ್ಕೆ ಒರಗಿ ಕೂತಿದ್ದ. ಮೈದಾನದ ಕೆಲಸಗಾರರು ಬಂದರು. ಅವನನ್ನು ಏಳು ಎನ್ನಲಿಲ್ಲ. ಅವನ ಬೆನ್ನ ಹಿಂದಿನ ಬಲೆಯನ್ನು ಒಂದೊಂದೇ ಕೊಂಡಿಯಿಂದ ಬಿಚ್ಚಿ, ಮಡಿಸಿ, ಹೆಗಲಿಗೇರಿಸಿಕೊಂಡು ಹೋದರು. ಬರಿಯ ಚೌಕಟ್ಟಿನೊಳಗೆ, ಗ್ಲೌಸ್ ತೊಟ್ಟ ಕೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು, ಅವನು ಹಾಗೇ ಕೂತಿದ್ದ.