ಒಂದು ವಾಕ್ಯ ಮುಗಿಯುವಷ್ಟರಲ್ಲಿ

"ಹಸಿದವನು ಬೂಟು ಹಾಕ್ಕೊಳ್ಳೋ ಸದ್ದು ಬೇರೆ ಥರ ಇರುತ್ತಾ?"

ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಮೇಜು, ಹಾಳೆ, ಕಿಟಕಿಯಿಂದ ಬಿದ್ದ ಭಾನುವಾರದ ಬಿಸಿಲು, ಇಷ್ಟೇ ಇದ್ದವು. ಅಕ್ಕ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಆ ಸದ್ದನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಬರಲಿಲ್ಲ. ಆ ದಿನ ಕಿವಿಗೊಟ್ಟಿದ್ದರೆ ತಾನೆ ಬರುವುದು? ಕೊನೆಗೆ, ಸದ್ದು ತನಗೆ ಕೇಳಿಸಲಿಲ್ಲ ಎಂದೇ ಬರೆದು ಹಾಳೆಗಳನ್ನು ಜೋಡಿಸಿಕೊಂಡಳು.

ಮನೆಯಲ್ಲಿ ಅವಳು ಎಲ್ಲರಿಗೂ ಅಕ್ಕ; ಹೆತ್ತ ತಾಯಿಗೂ. ಮುದ್ರಣಾಲಯದಲ್ಲಿ ಬೇರೆಯವರ ಕರಡು ತಿದ್ದುವುದು ಹೊಟ್ಟೆಪಾಡು, ಕತೆ ಬರೆಯುವುದು ಬಿಟ್ಟೂ ಬಿಡದ ಗೀಳು. ಈ ಕತೆ ಮಾರನೆಯ ಬೆಳಿಗ್ಗೆ ಪತ್ರಿಕೆಯ ಸಂಪಾದಕರ ಕೈ ಸೇರಬೇಕಿತ್ತು. ಅದಕ್ಕೆ ಮೊದಲು ಅಮ್ಮನ ಬೆರಳನ್ನು ದಾಟಬೇಕಿತ್ತು.

ಆ ಬೆರಳಿನ ವಿಚಾರ ಹೇಳಲೇಬೇಕು. ಅಪ್ಪ ಇದ್ದಷ್ಟು ಕಾಲ ದಿನಾ ಬೆಳಿಗ್ಗೆ ದೇವರ ಮುಂದೆ ಕೂತು ಪದ್ಯ ಓದುತ್ತಿದ್ದರು. ಅಕ್ಷರ ಬಾರದ ಅಮ್ಮ ಪಕ್ಕದಲ್ಲಿ ಕಣ್ಣು ಮುಚ್ಚಿ, ತೋರುಬೆರಳಿನಿಂದ ಮೊಣಕಾಲ ಮೇಲೆ ಮೆಲ್ಲಗೆ ತಟ್ಟುವಳು. ಅಪ್ಪ ಒಂದು ಪದ ನುಂಗಿದರೂ ಸಾಕು, ಬೆರಳು ನಿಲ್ಲುತ್ತಿತ್ತು. ಅಪ್ಪ ಹೋದ ಮೇಲೆ ಆ ಬೆರಳು ಮಗಳ ಪಾಲಿಗೆ ಬಂತು. ಬರೆದದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳುವಳು. ಬೆರಳು ಎಲ್ಲಿ ನಿಂತಿತೋ ಅಲ್ಲಿ ಸುಳ್ಳಿದೆ ಎಂದು ಲೆಕ್ಕ. ಕತೆ ಅಂದಮೇಲೆ ಎಲ್ಲವೂ ಕಟ್ಟಿದ್ದೇ. ಆದರೆ ಕಟ್ಟಿದ್ದು ಬೇರೆ, ಸುಳ್ಳು ಬೇರೆ. ಆ ವ್ಯತ್ಯಾಸವನ್ನು ಇಪ್ಪತ್ತು ವರ್ಷ ಬರೆದ ಮೇಲೂ ಅಕ್ಕ ಬಾಯಿಬಿಟ್ಟು ವಿವರಿಸಲಾರಳು. ಬೆರಳಿಗೆ ಗೊತ್ತಿತ್ತು.

ಈ ಸಲ ಬರೆದದ್ದು ತಮ್ಮನ ಕತೆ. ಲಿಫ್ಟ್ ರಿಪೇರಿ ಮಾಡುತ್ತಿದ್ದ ಅವನಿಗೆ ಮನೆಯಲ್ಲಿ ಗಡಿಬಿಡಿ ಎಂದೇ ಹೆಸರು. "ಅಕ್ಕಾ, ನಿನ್ನ ಕತೇಲಿ ಎಲ್ರೂ ಕಿಟಕಿ ಹತ್ರಾನೇ ನಿಂತಿರ್ತಾರಲ್ಲ, ಒಬ್ಬರಿಗೂ ಕೆಲಸ ಕಾರ್ಯ ಇಲ್ವಾ?" ಎಂದು ಗೇಲಿ ಮಾಡುವನು. ಮೂರು ವರ್ಷದ ಹಿಂದೆ, ಅಮ್ಮ ಊರಲ್ಲಿಲ್ಲದ ಒಂದು ಮಧ್ಯಾಹ್ನ, ಈ ಕೋಣೆಯ ಬಾಗಿಲಲ್ಲಿ ಇಣುಕಿದ್ದ.

"ಅಕ್ಕಾ, ಹೊಟ್ಟೆ ತಾಳ ಹಾಕ್ತಿದೆ. ಬಡಿಸ್ತೀಯಾ?"

ಒಬ್ಬನೇ ಬಡಿಸಿಕೊಂಡು ತಟ್ಟೆ ಮುಂದೆ ಕೂರುವ ಜಾಯಮಾನ ಅವನದಲ್ಲ.

"ಇರೋ, ಈ ಒಂದು ವಾಕ್ಯ ಮುಗೀಲಿ."

ವಾಕ್ಯ ಮುಗಿಯುವಷ್ಟರಲ್ಲಿ ಅವನಿಗೆ ಫೋನ್ ಬಂತು. ಎಲ್ಲೋ ಲಿಫ್ಟ್ ಕೆಟ್ಟು ಜನ ಸಿಕ್ಕಿಹಾಕಿಕೊಂಡಿದ್ದರು. ಓಡಿದ. ಅಲ್ಲಿ ಐದನೇ ಮಹಡಿಯಿಂದ ಕೆಳಗೆ ಬಿದ್ದು ತೀರಿಕೊಂಡ. ತಲೆ ಸುತ್ತಿತೋ, ಕಾಲು ಜಾರಿತೋ, ಕಂಡವರಿಲ್ಲ.

ಬಂದಿಳಿದ ಅಮ್ಮ ಮೊದಲು ಕೇಳಿದ್ದು, "ಉಂಡು ಹೋದ್ನಾ?" ಅಕ್ಕ "ಹೂಂ" ಅಂದಿದ್ದಳು.

ಎಷ್ಟೋ ದಿನ ಕಳೆದ ಮೇಲೆ ಆ ಹಾಳೆ ಹುಡುಕಿ ನೋಡಿದಳು. ವಾಕ್ಯ ಅಲ್ಲೇ ಇತ್ತು. ಹೆಂಗಸೊಬ್ಬಳು ಕಿಟಕಿಯ ಬಳಿ ನಿಂತು ಮೋಡ ನೋಡುತ್ತಿದ್ದಳು. ಅಷ್ಟೇ. ಅದೂ ಅಂಥಾ ಚೆನ್ನಾಗೇನೂ ಇರಲಿಲ್ಲ.

ಅಮ್ಮ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಗಳ ಕೈಯಲ್ಲಿ ಹಾಳೆ ಕಂಡು ಬಟ್ಟೆ ಬದಿಗೆ ಸರಿಸಿದಳು. ಕಣ್ಣು ಮುಚ್ಚಿದಳು.

"ಓದು, ಅಕ್ಕ."

ಬೆರಳು ಶುರುವಾಯಿತು. 'ಈ ಒಂದು ವಾಕ್ಯ ಮುಗೀಲಿ' ಎಂಬಲ್ಲಿಗೆ ಬಂದಾಗ ಅಕ್ಕ ಹಾಳೆಯಿಂದ ಕಣ್ಣೆತ್ತಿ ಬೆರಳನ್ನೇ ನೋಡಿದಳು. ನಿಲ್ಲಲಿ ದೇವರೇ, ಇದೊಂದು ಕಡೆ ನಿಲ್ಲಲಿ ಎಂದು ಬೇಡಿಕೊಂಡಳು. ನಿಲ್ಲಲಿಲ್ಲ. ಫೋನು, ಕೇಳಿಸದ ಬೂಟಿನ ಸದ್ದು, ತೊಳೆದಿಟ್ಟಲ್ಲೇ ಉಳಿದ ತಟ್ಟೆ, ಎಲ್ಲ ದಾಟಿ ತಟ್ಟುತ್ತಲೇ ಹೋಯಿತು. ಓದು ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ತಟ್ಟಿತು.

"ಅವತ್ತು ನಾನು ಕೇಳ್ದಾಗ ನೀನು ಹೂಂ ಅಂದಿದ್ದೆ."

"ಅಂದಿದ್ದೆ."

ಅಮ್ಮ ಬೈಯಲಿಲ್ಲ. ಮಡಿಸಿದ್ದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ಕತೆ ನಿಂದು ತಾನೆ? ನೀನು ಹೇಳ್ದಂಗೆ ತಾನೆ ಕೇಳೋದು? ಕೂರ್ಸಿ ಉಣ್ಸು ಅವನಿಗೆ. ಒಂದೇ ತುತ್ತು. ಆಮೇಲೆ ಹೋಗ್ಲಿ, ನಾನು ತಡೆಯಲ್ಲ."

"ಹೋದ ವಾರ ಉಣಿಸಿಯೇ ಓದಿದ್ನಲ್ಲಮ್ಮ. ನಿನ್ನ ಬೆರಳು ನಿಂತುಬಿಡ್ತು."

"ಬೆರಳಿಗೇನು ಗೊತ್ತಾಗುತ್ತೆ? ಅದೇನು ಹೆತ್ತಿದೆಯಾ?"

ಅಕ್ಕ ಹಾಳೆ ನೋಡಿದಳು. ಎರಡು ಸಾಲಿನ ನಡುವೆ ಜಾಗವಿತ್ತು. ಪೆನ್ನು ಕೈಯಲ್ಲೇ ಇತ್ತು. ಬರೆದರೆ ಉಣ್ಣುತ್ತಿದ್ದ, ಬೆರಳು ನೆಕ್ಕಿ ಗೇಲಿಯನ್ನೂ ಮಾಡುತ್ತಿದ್ದ. ಆದರೆ ಹೊಟ್ಟೆ ತುಂಬಿಸಿಕೊಂಡು ಮೆಟ್ಟಿಲಿಳಿಯುವವನು ಬೇರೆ ಯಾರದೋ ತಮ್ಮ. ಅವಳ ತಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದ. ಅವನಿಗೂ ತಟ್ಟೆಗೂ ನಡುವೆ ಈ ಸಲವೂ ಇದ್ದದ್ದು ಅವಳದೊಂದು ವಾಕ್ಯವೇ.

"ಬಡಿಸೇ ಅಕ್ಕ. ಕೈ ಮುಗೀತೀನಿ ನಿಂಗೆ."

ಅಮ್ಮ ನಿಜವಾಗಿಯೂ ಕೈ ಮುಗಿದಿದ್ದಳು. ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು.

"ಇಲ್ಲಮ್ಮ. ಬಡಿಸಲ್ಲ."