ಸೊಲ್ಲಾಪುರ ನೀಲಪ್ಪ

ಇಳಕಲ್ಲಿನಲ್ಲಿ ಯಾರೇ ಸೊಲ್ಲಾಪುರದ ಗಿರಣಿಗೆ ಹೊರಟರೂ ಮೊದಲು ನೇಕಾರ ನೀಲಪ್ಪನ ಮಗ್ಗದ ಮುಂದೆ ಬಂದು ಕೂಡಬೇಕು. ಹನ್ನೊಂದು ವರ್ಷದ ಹಿಂದೆ ಆರು ತಿಂಗಳು ಅಲ್ಲಿದ್ದು ಬಂದವನಲ್ಲವೇ! ಊರಿಗೆಲ್ಲ ಅವನು ಸೊಲ್ಲಾಪುರ ನೀಲಪ್ಪ. ಲಾಳಿ ಎಸೆಯುತ್ತಲೇ ಬುದ್ಧಿ ಹೇಳುತ್ತಿದ್ದ.

"ಅಲ್ಲಿ ಅರ್ಧ ಮಂದಿ ಕನ್ನಡದವ್ರು, ಅರ್ಧ ಮಂದಿ ಮರಾಠಿಯವ್ರು. ಬಾಯಿ ತೆಗಿಯೂಕಿಂತ ಮೊದಲ ಬಟ್ಟಿ ನೋಡ್ರಿ. ಇಳಕಲ್ ಸೀರಿ ಉಟ್ಟಾಕಿ ಕಂಡ್ಲಂದ್ರ ಆಕಿ ನಮ್ಮಾಕಿ, ಧೈರ್ಯಲೇ ಮಾತಾಡಸ್ರಿ. ಉಳದವರ ಮುಂದ ಬಾಯಿ ಮುಚ್ಚಿಕೊಂಡಿರ್ರಿ."

ಹೋದವರಲ್ಲಿ ಒಬ್ಬರೂ ತಿರುಗಿ ಬಂದು ಅವನನ್ನು ಬೈದಿರಲಿಲ್ಲ. ಅದೇ ಅವನ ಪುಣ್ಯ.

ಈಗ ಹೊರಟವಳು ಅವನ ಒಬ್ಬಳೇ ಮಗಳು ಮಾದೇವಿ, ಐದು ತಿಂಗಳ ಬಸುರಿ. ದೀಪಾವಳಿ ಮುಗಿಸಿ ಗಿರಣಿ ಸೇರಿದ್ದ ಅಳಿಯ ಗಾಳೆಪ್ಪ ಕಾಗದ ಬರೆಸಿದ್ದ: 'ಇರಾಕ ಖೋಲಿ ಸಿಕ್ಕೈತಿ, ಮಾದೇವೀನ ಕಳಸ್ರಿ. ಟೇಷನ್ನಿಗೆ ಬರಾಕ ನನಗ ರಜಾ ಸಿಗೂದಿಲ್ಲ. ನಿಮಗ ಊರ ಗೊತ್ತೈತೆಲ್ಲ, ದಾರಿ ಹೇಳಿ ಕಳಿಸಿದ್ರ ಸಾಕು.'

"ನೀನ ಕರಕೊಂಡು ಹೋಗಬಾರದೇನು?" ಎಂದಳು ಹೆಂಡತಿ ಹನಮವ್ವ.

"ಮಗ್ಗದ ಮ್ಯಾಲ ಅರ್ಧ ನೇದ ಹಾಸೈತಿ, ಬಿಟ್ಟು ಹೆಂಗ ಹೋಗ್ಲಿ? ಬಾಗಲಕೋಟಿಯೊಳಗ ರೈಲು ಹತ್ತಿಸಿ ಬರ್ತೇನಿ," ಎಂದು ನೀಲಪ್ಪ ಗದರಿದ. ಗದರಿದ್ದೇನೋ ಸರಿ, ಆವತ್ತಿನಿಂದ ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಬಾಗಲಕೋಟೆಗೆ ಬಾಡಿಗೆ ಚಕ್ಕಡಿಯಲ್ಲಿ ಎರಡು ದಿನದ ದಾರಿ. ಹುನಗುಂದ ದಾಟಿದ ಮೇಲೆ ಮಾದೇವಿ ಅಪ್ಪ ಹೇಳಿದ್ದನ್ನು ಸಾಲಿ ಪಾಠದಂತೆ ಒಪ್ಪಿಸತೊಡಗಿದಳು.

"ಟೇಷನ್ನಿಂದ ಬಲಕ್ಕ ಹೊಳ್ಳೂದು. ದೊಡ್ಡ ಬೇವಿನ ಗಿಡ ಬರ್ತೈತಿ. ಅಲ್ಲಿಂದ ಗಿರಣಿ ಚಿಮಣಿ ಕಾಣ್ತೈತಿ. ಹೌದಲ್ಲಪಾ?"

"ಹೂಂ."

ಆ ಬೇವಿನ ಗಿಡ ಅಲ್ಲಿತ್ತೋ ಇಲ್ಲವೋ ದೇವರೇ ಬಲ್ಲ. ನೀಲಪ್ಪ ಸೊಲ್ಲಾಪುರವನ್ನು ಕಣ್ಣಿಂದ ನೋಡಿದವನೇ ಅಲ್ಲ! ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಬಾಯಿ ತೆರೆದ, ಮುಚ್ಚಿದ. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಬಸುರಿ ಮಗಳು ಗುರುತಿಲ್ಲದ ಊರಲ್ಲಿ ಇಲ್ಲದ ಗಿಡ ಹುಡುಕುತ್ತ ಅಲೆಯುತ್ತಾಳೆ. ಎತ್ತಿನ ಮೇಲೆ ಸುಮ್ಮನೆ ಸಿಟ್ಟು ತೀರಿಸಿಕೊಂಡ.

ಬಾಗಲಕೋಟೆ ಟೇಷನ್ನಿನಲ್ಲಿ ಜನ ಕಿಕ್ಕಿರಿದಿದ್ದರು. ಅಷ್ಟರಲ್ಲಿ ಮಾದೇವಿಯ ಮುಖ ಅರಳಿತು. ಟ್ರಂಕಿನ ಮೇಲೆ ಕುಳಿತಿದ್ದ ಹೆಂಗಸೊಬ್ಬಳು ಇಳಕಲ್ ಸೀರೆ ಉಟ್ಟಿದ್ದಳು. ಮಾದೇವಿ ಹತ್ತು ವರ್ಷದವಳಿದ್ದಾಗಿನಿಂದ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸಿದವಳು. ದೂರದಿಂದಲೇ ಗುರುತು ಹಿಡಿದು ಓಡಿದಳು.

"ಅಕ್ಕಾ, ಸೊಲ್ಲಾಪುರಕ್ಕೇನ್ರೀ? ನಾವು ಇಳಕಲ್ಲಿನವ್ರ ರೀ!"

ಹೆಂಗಸು ಕಕ್ಕಾಬಿಕ್ಕಿಯಾದಳು. "ಮಲಾ ಕಾನಡೀ ಯೇತ ನಾಹೀ, ಬಾಯಿ," ಎಂದು ಕೈ ಅಲ್ಲಾಡಿಸಿದಳು. ಕನ್ನಡ ಬರುವುದಿಲ್ಲವಂತೆ! ಆಕೆಯ ಹಿಂದೆ ಇನ್ನಿಬ್ಬರು ಕುಳಿತಿದ್ದರು. ಉಟ್ಟದ್ದು ಇಳಕಲ್ ಸೀರೆ, ಆಡುತ್ತಿದ್ದದ್ದು ಮರಾಠಿ.

ಮಾದೇವಿ ತಿರುಗಿ ಬಂದು ಅಪ್ಪನ ಮುಂದೆ ನಿಂತಳು.

"ಮರಾಠಿ ಹೆಂಗಸರೂ ನಮ್ಮ ಸೀರಿ ಉಡ್ತಾರ. ಆರು ತಿಂಗಳಿದ್ದವಗ ಇದು ಗೊತ್ತಾಗಲಿಲ್ಲೇನಪಾ? ನೀ ಖರೇನ ಸೊಲ್ಲಾಪುರಕ್ಕ ಹೋಗಿದ್ದೇನು?"

ನೀಲಪ್ಪ ಹೆಗಲ ಮೇಲಿನ ಗಂಟನ್ನು ನೆಲಕ್ಕಿಳಿಸಿದ. "ಇಲ್ಲವ್ವಾ. ಬರೇ ಹೊಟಗಿ ಟೇಷನ್ ತನಕ ಹೋಗಿದ್ದೆ. ಅಲ್ಲಿ ಸಣ್ಣ ರೈಲು ಇಳದು ದೊಡ್ಡ ರೈಲು ಹತ್ತಬೇಕು. ಎಲ್ಲಾರೂ ಮರಾಠಿ. ಒಬ್ಬನ್ನ ಕೇಳಿದೆ, ಅವ ನಕ್ಕ. ನನ್ನ ಕಾಲು ಏಳಲಿಲ್ಲ. ಅಲ್ಲೇ ಕಲ್ಲು ಹೊತ್ತು ಆರು ತಿಂಗಳ ಕಳದೆ."

"ಬೇವಿನ ಗಿಡ?"

"ಸುಳ್ಳು."

"ಅಯ್ಯ ನನ್ನ ಶಿವನ! ಅದನ್ನ ನಂಬಿ ಎಷ್ಟು ಮಂದಿ ಹೋದರಪಾ!" ಮಾದೇವಿಯ ಕಣ್ಣಲ್ಲಿ ನೀರು ಬಂತು. ದುಃಖವೆಷ್ಟೋ ಸಿಟ್ಟೂ ಅಷ್ಟೇ ಇತ್ತು. ಗಂಟೆ ಹೊಡೆಯಿತು. ಸೆರಗಿನಿಂದ ಮುಖ ಒರೆಸಿಕೊಂಡು, "ಹೊಟಗಿ ತನಕ ಗೊತ್ತೈತೆಲ್ಲ? ಅಲ್ಲಿ ತನಕ ನೀ ದಾರಿ ತೋರಸು. ಮುಂದ ನಾ ಕೇಳ್ತೇನಿ. ಹೋಗು, ಟಿಕೀಟು ತಗೊಂಡು ಬಾ," ಎಂದಳು.

ಹೊಟಗಿಯಲ್ಲಿ ಅದೇ ಗದ್ದಲ, ಅದೇ ಮಾತು. ಮಾದೇವಿ "ಸೊಲ್ಲಾಪುರ?" ಎಂದು ಕೇಳಿದ್ದೇ ತಡ, ಜೊತೆಗೇ ಇಳಿದಿದ್ದ ಆ ಮರಾಠಿ ಹೆಂಗಸು ದೊಡ್ಡ ರೈಲಿನ ಕಡೆ ಕೈಮಾಡಿ, ಮಾದೇವಿಯ ರಟ್ಟೆ ಹಿಡಿದು ಹತ್ತಿಸಿಕೊಂಡಳು. ನೀಲಪ್ಪ ಗಂಟು ಹಿಡಿದು ಕೆಳಗೇ ನಿಂತ. ಹನ್ನೊಂದು ವರ್ಷದ ಹಿಂದಿನಂತೆಯೇ ಕಾಲು ಏಳಲೊಲ್ಲವು. ರೈಲು ಸೀಟಿ ಊದಿತು.

"ಅಪ್ಪಾ, ನಾ ಒಬ್ಬಾಕೀನ ಹೋಗ್ಲೇನು?"

ಹೇಗೆ ಹತ್ತಿದನೋ ಅವನಿಗೇ ತಿಳಿಯಲಿಲ್ಲ. ಗಂಟು ಅವುಚಿಕೊಂಡು ಮಗಳ ಪಕ್ಕ ನಿಂತ. ಎದುರಿಗಿದ್ದ ಸಾಬರೊಬ್ಬರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, "ಸೊಲ್ಲಾಪುರಕ್ಕ ಮೊದಲನೇ ಸಲ ಏನ್ರಿ?" ಎಂದು ಅಪ್ಪಟ ಕನ್ನಡದಲ್ಲಿ ಕೇಳಿದರು.

ನೀಲಪ್ಪ ಮಗಳ ಮುಖ ನೋಡಿದ.

"ಹೌದ್ರಿ, ಮೊದಲನೇ ಸಲ," ಎಂದ. "ನನಗ ಏನೂ ಗೊತ್ತಿಲ್ಲ. ದಾರಿ ಹೇಳ್ರಿ."