ಪಕ್ಕದ ಹಳಿಯಿಂದ ಕಂಡ ದಾರಿ

ಗುರುಚರಣನಿಗೆ ಕುರ್ಚಿಯಲ್ಲಿ ಕೂತು ಅಭ್ಯಾಸವಿರಲಿಲ್ಲ. ಇಪ್ಪತ್ತೊಂದು ವರ್ಷ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವನು. ಕೊನೆಯ ಡಬ್ಬಿಯಲ್ಲಿ ಒಬ್ಬನೇ ನಿಂತು, ಹಿಂದಕ್ಕೆ ಸರಿಯುವ ಹಳಿ ನೋಡುತ್ತ, ಅಲುಗಾಡುವ ನೆಲದ ಮೇಲೇ ಉಂಡವನು. ಆರು ತಿಂಗಳ ಹಿಂದೆ ಕಣ್ಣಿನ ತಪಾಸಣೆಯಲ್ಲಿ ಎಡಗಣ್ಣಿಗೆ ಗ್ಲಾಕೋಮಾ, ಅಂಚಿನಿಂದ ನೋಟ ಕಳೆಯುತ್ತ ಬರುವ ರೋಗ, ಎಂದು ತಿಳಿಯಿತು. ಡಾಕ್ಟರು ಗಾಡಿಯ ಕೆಲಸ ಬೇಡ ಎಂದು ಬರೆದುಕೊಟ್ಟರು. ಅಂದಿನಿಂದ ಯಾರ್ಡ್ ಆಫೀಸಿನಲ್ಲಿ ಕೂತು ವ್ಯಾಗನ್ನುಗಳ ನಂಬರನ್ನು ಕಂಪ್ಯೂಟರಿಗೆ ಹಾಕುವುದು.

ಹೆಂಡತಿ ಸೀತಾಳಿಗೆ ಅವನು ಹೇಳಿದ್ದೇ ಬೇರೆ. "ಸಾಕಾಯ್ತು ಕಣೇ, ನಾನೇ ಕೇಳಿ ಆಫೀಸ್ ಕೆಲಸ ಹಾಕಿಸ್ಕೊಂಡೆ" ಅಂದಿದ್ದ. ಅವಳು ಎಷ್ಟು ಸಂತೋಷಪಟ್ಟಳೆಂದರೆ ಆಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ. ಕಣ್ಣಿಗೆ ಬಿಡುವ ಔಷಧಿಯನ್ನು ಆಫೀಸಿನ ಡ್ರಾಯರಿನಲ್ಲೇ ಇಟ್ಟುಕೊಂಡ.

ಆದರೆ ಕಾಲು ಕೇಳುತ್ತಿರಲಿಲ್ಲ. ಊಟದ ನಡುವೆ ಮೂರು ಸಲ ಏಳುತ್ತಿದ್ದ. ಸಂಜೆ, ಮನೆಯಿದ್ದ ತಿರುವೊಟ್ಟಿಯೂರಿನ ಕಡಲ ಬದಿಯ ಕಲ್ಲುಗಳ ಪಕ್ಕ ಹೋಗಿ ಬಂದು, ಮತ್ತೆ ಹೋಗುತ್ತಿದ್ದ. "ಸುಮ್ಮ ಉಕ್ಕಾರುಪ್ಪಾ" ಎಂದು ಮಗಳು ತೇಜು ಒಂದು ಕಡೆ ಕೂರಲು ಹೇಳಿ ತಮಿಳಿನಲ್ಲಿ ರೇಗುತ್ತಿದ್ದಳು. ಕೊನೆಗೆ ದಪ್ಪ ಟೈರಿನ ಗೇರ್ ಸೈಕಲ್ ಒಂದನ್ನು ತಂದ.

ಹೋಗಬೇಕಾದ ಜಾಗ ಮೊದಲೇ ಗೊತ್ತಿತ್ತು. ತೆಲುಗು ಸೀಮೆಯ ನಗರಿ ಎಂಬ ಊರು ದಾಟಿದ ಮೇಲೆ ಒಂದು ಸಣ್ಣ ಸ್ಟೇಷನ್ನಿನಲ್ಲಿ, ಎಕ್ಸ್‌ಪ್ರೆಸ್ಸುಗಳಿಗೆ ಜಾಗ ಬಿಡಲು ಅವನ ಗಾಡಿಯನ್ನು ಪಕ್ಕದ ಹಳಿಗೆ ತಳ್ಳುತ್ತಿದ್ದರು. ಒಂದು ಗಂಟೆ, ಕೆಲವೊಮ್ಮೆ ಮೂರು ಗಂಟೆ. ಅಲ್ಲಿಂದ ನೋಡಿದರೆ ಎರಡು ಗುಡ್ಡಗಳ ನಡುವಿನ ತಗ್ಗಿಗೆ ಕೆಂಪು ದಾರಿಯೊಂದು ಹತ್ತಿ ಹೋಗುತ್ತಿತ್ತು. ಆ ದಾರಿಯಲ್ಲಿ ಒಬ್ಬರೂ ಹೋದದ್ದನ್ನು ಅವನು ಕಂಡಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ, ಆಫೀಸಿನ ನಾಲ್ಕು ಜನರ ಜೊತೆ ಗುಡ್ಡ ಹತ್ತಲು ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಮೊದಲ ಲೋಕಲ್ ಹಿಡಿದ. ಸೈಕಲ್ಲನ್ನು ಖಾಲಿ ಹೂವಿನ ಬುಟ್ಟಿಗಳ ನಡುವೆ ನಿಲ್ಲಿಸಿ, ತಾನೂ ದಾರಿಯುದ್ದಕ್ಕೂ ನಿಂತೇ ಬಂದ. ಏಳಕ್ಕೆ ತಿರುತ್ತಣಿ. ಗಾಡಿಯಂಗಡಿಯಲ್ಲಿ ನಿಂತೇ ಇಡ್ಲಿ ತಿಂದು ಹೊರಟ.

ಡಾಂಬರು ರಸ್ತೆ ಬೇಗ ಮುಗಿಯಿತು. ಆ ಸಣ್ಣ ಸ್ಟೇಷನ್ನಿನ ಬಳಿ ಒಂದು ಗೂಡ್ಸ್ ನಿಂತಿತ್ತು. ಗಾರ್ಡ್ ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿದ್ದ. ಗುರುಚರಣ ಕೈಯೆತ್ತಲು ಹೋದವನು ಎತ್ತಲಿಲ್ಲ. ಗೇಟು ದಾಟಿ ಮಾವಿನ ತೋಪು, ಅದರಾಚೆ ಕಲ್ಲು ಕ್ವಾರಿಯ ಬಿಳಿ ಧೂಳಿನ ದಾರಿ. ಆಮೇಲೆ ಬತ್ತಿದ ಹಳ್ಳದ ಮರಳಿನಲ್ಲಿ ಚಕ್ರ ಹೂತು, ಇಳಿದು ತಳ್ಳಿದ. ಏರು ಶುರುವಾದ ಮೇಲೆ ಬರೀ ಕಲ್ಲು. ಸ್ವಲ್ಪ ದೂರ ತುಳಿದು, ಸ್ವಲ್ಪ ತಳ್ಳಿ, ಕೊನೆಯ ಕಡಿದಾದ ಜಾಗದಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿದ. ಎದೆ ಡಬಡಬ ಅನ್ನುತ್ತಿತ್ತು. ಒಂದು ಬಂಡೆ ತಲುಪಿದರೆ ಮುಂದಿನ ಬಂಡೆಯ ಅವಸರ.

ಹನ್ನೆರಡಕ್ಕೆ ಮೇಲೆ ತಲುಪಿದ. ಒಂದು ಕರೆಂಟಿನ ಟವರು, ಒಡೆದ ಬಾಟಲಿಗಳು. ಆಚೆ ಕಡೆ ಒಣಗಿದ ಬಯಲು, ಬಯಲಿನಾಚೆ ಇನ್ನೊಂದು ಗುಡ್ಡ, ಅದರಲ್ಲೂ ಒಂದು ತಗ್ಗು. ಮೊಸರನ್ನದ ಡಬ್ಬಿ ತೆರೆದು ನಾಲ್ಕು ತುತ್ತು ತಿಂದ. ಇನ್ನೂ ಸ್ವಲ್ಪ ಹೊತ್ತು ಕೂರಬೇಕು ಅಂದುಕೊಂಡ. ಐದು ನಿಮಿಷವಾಗಲಿಲ್ಲ, ಎದ್ದು ಆಚೆ ಇಳಿಜಾರಿಗೆ ಸೈಕಲ್ ಬಿಟ್ಟ.

ಬ್ರೇಕು ಹಿಡಿಯುವಷ್ಟು ವ್ಯವಧಾನವೂ ಇರಲಿಲ್ಲ. ತಿರುವಿನಲ್ಲಿ ಎಡದಿಂದ ಒಂದು ಆಡು ದಾರಿಗೆ ಬಂತು. ಬಂತೆನ್ನುವುದು ಅವನಿಗೆ ತಿಳಿದದ್ದು ಮುಂದಿನ ಚಕ್ರಕ್ಕೆ ಅದು ಬಡಿದ ಮೇಲೆ. ಸೈಕಲ್ ಮಗುಚಿ, ಅವನು ಮೊಣಕೈ ಮೇಲೆ ಜಾರಿ ಕಲ್ಲಿನ ನಡುವೆ ಬಿದ್ದ.

ಹೆಂಗಸೊಬ್ಬಳು ಕೋಲು ಹಿಡಿದು ಓಡಿಬಂದಳು. ಮೊದಲು ಆಡಿನ ಕಾಲು ಮುಟ್ಟಿ ನೋಡಿದಳು. ಅದು ಒದ್ದುಕೊಂಡು ಓಡಿತು. ಆಮೇಲೆ ಅವನ ಕಡೆ ತಿರುಗಿದಳು. ಐವತ್ತರ ಆಸುಪಾಸಿನ ಲಂಬಾಣಿ ಹೆಂಗಸು, ಹೆಸರು ಭೀಮಾಬಾಯಿ, ಕೆಳಗಿನ ತಾಂಡಾದವಳು. ಅವಳ ತೆಲುಗು ಅವನಿಗೆ ಅರ್ಥವಾಗುತ್ತಿತ್ತು.

"ಇಷ್ಟು ದೊಡ್ಡ ಆಡು ಕಾಣಲಿಲ್ವಾ ನಿನಗೆ?"

"ಕಾಣಲಿಲ್ಲ. ಈ ಕಡೆ ನನಗೆ ಕಾಣೋದಿಲ್ಲ."

ಆರು ತಿಂಗಳಲ್ಲಿ ಅವನು ಬಾಯಿಬಿಟ್ಟು ಅದನ್ನು ಹೇಳಿದ್ದು ಇದೇ ಮೊದಲು. ಭೀಮಾಬಾಯಿ ಅವನ ಮುಖವನ್ನೇ ನೋಡಿದಳು. ಬಾಟಲಿಯ ನೀರಿನಿಂದ ಗಾಯ ತೊಳೆದು, ಯಾವುದೋ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಮೆತ್ತಿದಳು.

"ಮನೇಲಿ ಗೊತ್ತಾ?"

"ಇಲ್ಲ."

"ಮತ್ತೆ ನನಗ್ಯಾಕೆ ಹೇಳ್ತಿದೀಯಾ? ನಾನೇನು ಮಾಡ್ಲಿ?"

ಅವನು ಎದ್ದು ಸೈಕಲ್ ಎತ್ತಿದ. ಮುಂದಿನ ಚಕ್ರ ಸೊಟ್ಟಗಾಗಿತ್ತು. ದಾರಿ ಬದಿಯಲ್ಲಿ ಕಟ್ಟೆಯಿಲ್ಲದ ಬಾವಿಗಳಿವೆ, ಆಡುಗಳ ಹಿಂದೆಯೇ ಬಾ ಎಂದಳು. ಅವನು ಸೈಕಲ್ ತಳ್ಳುತ್ತ ಹೊರಟ. ಆಡುಗಳು ಪ್ರತಿ ಪೊದೆಗೂ ನಿಂತವು. ಅವನು ಮುಂದೆ ಹೋಗುವನು, ಕಾಯುವನು, ಮತ್ತೆ ಮುಂದೆ ಹೋಗುವನು.

"ನಿಲ್ಲೋಕೂ ಬರಲ್ವಾ ನಿನಗೆ?"

"ಇಲ್ಲಿಂದ ರೈಲು ಕಾಣುತ್ತಾ?" ಎಂದು ಅವನು ಮಾತು ಬದಲಿಸಿದ.

"ಸದ್ದು ಕೇಳುತ್ತೆ. ನೋಡೋಕೆ ಯಾರಿಗೆ ಪುರುಸೊತ್ತು?"

ಸ್ವಲ್ಪ ದೂರ ಹೋದ ಮೇಲೆ ಅವಳು ಹಿಂದಿನಿಂದ "ಎಡಕ್ಕೆ ಬಾವಿ" ಎಂದಳು. ಅವನು ಕತ್ತು ಪೂರ್ತಿ ಹೊರಳಿಸಿದ. ಎರಡು ಮಾರು ದೂರದಲ್ಲಿ ಕಪ್ಪು ಬಾಯಿ ತೆರೆದಿತ್ತು. ಒಬ್ಬನೇ ಬಂದಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಮುಂದೆ ಅವನು ಆಡುಗಳ ಹಿಂದೆಯೇ ನಡೆದ.

ತಾಂಡಾದ ಬಳಿ ಭೀಮಾಬಾಯಿ ಆಡುಗಳನ್ನು ದೊಡ್ಡಿಗೆ ಹೊಡೆದುಕೊಂಡು ಹೋದಳು. ಅಲ್ಲಿ ಫೋನಿಗೆ ಸಿಗ್ನಲ್ ಬಂತು. ಎತ್ತಿದ್ದು ತೇಜು. ದನಿ ಕೇಳಿದ್ದೇ "ಎನ್ನಾಚ್ಚುಪ್ಪಾ, ಏನಾಯ್ತು?" ಎಂದು ಗಾಬರಿಯಾಗಿ ಅಮ್ಮನಿಗೆ ಕೊಟ್ಟಳು.

"ಬಿದ್ದೆ ಸೀತಾ. ಮೊಣಕೈ ತರಚಿದೆ, ಅಷ್ಟೆ."

"ಜೊತೇಲಿರೋರಿಗೆ ಕೊಡಿ ಫೋನು."

"ಜೊತೇಲಿ ಯಾರೂ ಇಲ್ಲ. ಒಬ್ಬನೇ ಬಂದೆ." ಉಸಿರು ತೆಗೆದುಕೊಂಡು ಮುಂದುವರಿಸಿದ. "ಎಡಗಣ್ಣು ಹೋಗ್ತಾ ಇದೆ. ಆಫೀಸ್ ಕೆಲಸ ನಾನು ಕೇಳಿ ತಗೊಂಡಿದ್ದಲ್ಲ, ಅವರೇ ಇಳಿಸಿದ್ದು."

"ಎವ್ವಳವು ನಾಳ್... ಎಷ್ಟು ದಿನ ಆಯ್ತು?" ಪೆರಂಬೂರಿನಲ್ಲಿ ಹುಟ್ಟಿ ಬೆಳೆದ ಸೀತಾಳಿಗೆ ಗಾಬರಿಯಾದರೆ ತಮಿಳೇ ಮೊದಲು ಬರುತ್ತಿತ್ತು.

"ಆರು ತಿಂಗಳು."

"ಹೋದ ತಿಂಗಳು ಸಾಂಬಾರ್ ಪಾತ್ರೆ ತರ್ತಿದ್ದಾಗ ನೀವೇ ಡಿಕ್ಕಿ ಹೊಡೆದ್ರಿ. ದೆವ್ವದ ಥರ ಸದ್ದಿಲ್ದೆ ಬರ್ತೀಯಾ ಅಂತ ನನ್ನೇ ಬೈದ್ರಿ. ಮಾರನೇ ದಿನದಿಂದ ನಾನು ಗೆಜ್ಜೆ ಹಾಕ್ಕೊಂಡು ಓಡಾಡಿದೀನಿ. ನನಗೆ ನಲವತ್ತಾರು ವಯಸ್ಸು."

ಅವನು ಸೈಕಲ್ಲನ್ನು ದೊಡ್ಡಿಯ ಬೇಲಿಗೆ ಒರಗಿಸಿದ.

"ಸೆರಿ. ಸೈಕಲ್ ಮುಟ್ಟಬೇಡಿ. ಯಾವುದಾದ್ರೂ ಗಾಡಿ ಹತ್ತಿ ತಿರುತ್ತಣಿಗೆ ಬನ್ನಿ. ನಾವು ಬರ್ತೀವಿ."

ಹಾಲಿನ ವ್ಯಾನೊಂದು ಅವನನ್ನೂ ಸೈಕಲ್ಲನ್ನೂ ಹತ್ತಿಸಿಕೊಂಡಿತು. ಐದು ಗಂಟೆಗೆ ಲೋಕಲ್ಲಿನಿಂದ ಸೀತಾ, ತೇಜು ಇಳಿದಾಗ ಅವನು ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ.

ಸೀತಾ ಗಾಯ ನೋಡಲಿಲ್ಲ. ಅವನ ಎದುರು ನಿಂತು, ಅವನ ಬಲಗಣ್ಣನ್ನು ಒಂದು ಅಂಗೈಯಿಂದ ಮುಚ್ಚಿದಳು. ಇನ್ನೊಂದು ಕೈಯನ್ನು ಅವನ ಎಡಗಿವಿಯ ಪಕ್ಕದಿಂದ ಮೆಲ್ಲನೆ ಮುಂದೆ ತಂದಳು.

"ಈಗ ಕಾಣುತ್ತಾ?"

"ಇಲ್ಲ."

"ಈಗ?"

"ಇಲ್ಲ."

ಜನ ನಿಂತು ನೋಡಿದರು. ಕೈ ಅವನ ಮುಖದ ಎದುರಿಗೇ ಬಂದ ಮೇಲೆ ಅವನು "ಈಗ" ಎಂದ. ಸೀತಾ ಕೈಯನ್ನು ಅಲ್ಲೇ ಹಿಡಿದು ಸ್ವಲ್ಪ ಹೊತ್ತು ನಿಂತಳು.

"ಮುಂದಿನ ಸಲ ಡಾಕ್ಟರ ಹತ್ರ ನಾನೂ ಬರ್ತೀನಿ. ಅವರು ಹೇಳೋದನ್ನ ನಾನೇ ಕೇಳ್ಬೇಕು."

"ಆಗ್ಲಿ."

ರೈಲಿನಲ್ಲಿ ಜಾಗ ಸಿಕ್ಕಿತು. ಅರಕ್ಕೋಣಂ ದಾಟುವಷ್ಟರಲ್ಲಿ ಅವನು ಎರಡು ಸಲ ಎದ್ದು ಬಾಗಿಲವರೆಗೆ ಹೋಗಿಬಂದ. ಸೀತಾ ತಡೆಯಲಿಲ್ಲ. ಎರಡನೆಯ ಸಲ ತೇಜು ಎದ್ದು ಅವನ ಹಿಂದೆ ಹೋದಳು. ಬಾಗಿಲ ಕಂಬಿ ಹಿಡಿದು, ಆ ಗುಡ್ಡದಾಚೆ ಏನಿತ್ತು ಎಂದು ತಮಿಳಿನಲ್ಲಿ ಕೇಳಿದಳು. ಅವನು ಹೇಳತೊಡಗಿದ.